ತಲೆ ಕಡೆಗೆ ಹೊಲಿದ ಲಾಟ್ ನಂಬರ್

ಕಳೆದ ತಿಂಗಳು ನಾನೊಂದು ಸೊನ್ನೆ ಬರೆದೆ. ಅಷ್ಟೇ. ತಂಗಿ ಶಾರದಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಶಾರದಾಳದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಇಪ್ಪತ್ತು ಮಷೀನು, ಇಪ್ಪತ್ತೂ ಹೆಣ್ಣುಮಕ್ಕಳು. (ಬಳ್ಳಾರಿ ಅಂದರೆ ಬರೀ ಬಿಸಿಲು, ಅದಿರು ಅನ್ನುವವರು ಮೊದಲು ತಮ್ಮ ಪ್ಯಾಂಟಿನ ಊರು ಯಾವುದೆಂದು ವಿಚಾರಿಸಿಕೊಳ್ಳಲಿ.) ಅವಳಿಗೆ ಮೊದಲ ಸಲ ವಿದೇಶದ ಆರ್ಡರ್ ಬಂದಿತ್ತು. ಜೊತೆಗೊಂದು ಷರತ್ತು. ಪ್ರತಿ ಪ್ಯಾಂಟಿಗೂ ಒಂದು ಕ್ಯೂಆರ್ ಕೋಡ್ ಇರಬೇಕು. ಸ್ಕ್ಯಾನ್ ಮಾಡಿದರೆ ಹತ್ತಿ ಎಲ್ಲಿಯದು, ಹೊಲಿದವರು ಯಾರು, ಉಳಿದ ಚೂರು ಎಲ್ಲಿ ಹೋಯಿತು, ಎಲ್ಲ ಕಾಣಬೇಕು. ಇದಕ್ಕೆ ಬ್ಲಾಕ್‌ಚೈನ್ ಅನ್ನುತ್ತಾರೆ. ಒಂದೇ ದಾಖಲೆಯ ನಕಲು ಹತ್ತು ಮನೆಯಲ್ಲಿ ಇಟ್ಟ ಹಾಗೆ. ಒಬ್ಬರು ಕದ್ದು ತಿದ್ದಿದರೆ ಉಳಿದ ಒಂಬತ್ತು ಮನೆಯವರು ಹಿಡಿಯುತ್ತಾರೆ.

ಮೊದಲ ಲಾಟ್ ಮುಗಿದಾಗ ಫಾರಂ ತುಂಬಲು ಕರೆದದ್ದು ನನ್ನನ್ನು. ಅಂಕಣ ಬರೆಯುವ ಅಣ್ಣನಿಗೆ ಎಲ್ಲ ಗೊತ್ತು ಅಂತ ಅವಳ ನಂಬಿಕೆ. ನಾನೂ ಅದನ್ನು ಯಾವತ್ತೂ ಅಲ್ಲಗಳೆದವನಲ್ಲ.

‘ವೇಸ್ಟ್ ಎಷ್ಟು ಕಿಲೋ?’ ಅಂತ ಒಂದು ಕಾಲಂ ಇತ್ತು.

"ಎಷ್ಟು ಬಿಸಾಕ್ತೀಯವ್ವ?" ಕೇಳಿದೆ.

"ಬಿಸಾಕೋದೇನಣ್ಣ? ಒಂದು ಚೂರೂ ಬಿಡಂಗಿಲ್ಲ ನಮ್ಮ ಹೆಣ್ಮಕ್ಳು."

ಎದೆಯುಬ್ಬಿಸಿ ಸೊನ್ನೆ ಹೊಡೆದೆ. ಸಬ್ಮಿಟ್ ಒತ್ತಿದೆ.

ಮಾರನೇ ದಿನ ಫಾರಂ ಮೇಲೆ ಕೆಂಪು ಗುರುತು. ಒಳಗೆ ಬಂದ ಬಟ್ಟೆಗೂ ಹೊರಗೆ ಹೋದ ಪ್ಯಾಂಟಿಗೂ ತಾಳೆಯಿಲ್ಲ. ನಡುವೆ ಎರಡು ಚೀಲ ಬಟ್ಟೆ ಮಾಯ. ತಿದ್ದಿದರಾಯಿತಲ್ಲ ಅಂದೆ. ತಿದ್ದಲು ಬರುವುದಿಲ್ಲವಂತೆ. ಹತ್ತು ಮನೆ ಅಂತ ಪಾಠ ಹೇಳಿದವನು ನಾನೇ ಅಲ್ಲವೇ?

ಖರೀದಿದಾರರ ಕಡೆಯಿಂದ ತಪಾಸಣೆಗೆ ನಿವೇದಿತಾ ಅನ್ನುವವರು ಬಂದರು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡತಿ. ಸಭ್ಯಸ್ಥೆ, ಆದರೆ ಬಿಗಿ.

"ಬಟ್ಟೆ ಹೊರಗೆ ಮಾರಿಲ್ಲ ಅನ್ನೋದಕ್ಕೆ ಪುರಾವೆ ಕೊಡಿ ಮೇಡಂ. ಇಲ್ಲದಿದ್ದರೆ ಆರ್ಡರ್ ನಿಲ್ಲಿಸಬೇಕಾಗುತ್ತೆ."

ಶಾರದಾಳ ಮುಖ ಸಣ್ಣದಾಯಿತು. ಕಷ್ಟಪಟ್ಟು ದುಡಿದವಳ ಮೇಲೆ ಕಳ್ಳತನದ ಅನುಮಾನ, ಅದೂ ನನ್ನಿಂದ. ಆಗ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಟೈಲರ್ ನೀಲಮ್ಮ ಮಷೀನು ಬಿಟ್ಟು ಎದ್ದಳು.

"ಚೂರೆಲ್ಲ ನಾ ಒಯ್ದೀನ್ರಿ. ಅಕ್ಕಾರ್ನ ಕೇಳೇ ಒಯ್ದೀನಿ. ನನ್ನ ತವರು ಹಚ್ಚೊಳ್ಳ್ಯಾಗ ನಮ್ಮವ್ವ ಚೂರು ಜೋಡಿಸಿ ಹೊದಿಯೋ ಕೌದಿ ಹೊಲೀತಾಳ್ರಿ."

ಎಲ್ಲರೂ ಕಾರು ಹತ್ತಿದೆವು. ಸಿರುಗುಪ್ಪ ದಾಟಿ ಮುಂದೆ ಹೋದೆವು. ಹಚ್ಚೊಳ್ಳಿಯಲ್ಲಿ ನೀಲಮ್ಮನ ತಾಯಿ ಗಂಗಮ್ಮ ಮುಗಿದ ಒಂದು ಕೌದಿ, ಅರ್ಧ ಹೊಲಿದ ಇನ್ನೊಂದು ಕೌದಿ, ಉಳಿದ ಚೂರಿನ ಗಂಟು, ಎಲ್ಲ ತಂದು ಹಾಸಿದರು.

"ಚೆನ್ನಾಗಿದೆ" ಅಂದರು ನಿವೇದಿತಾ. "ಆದರೆ ಇದು ನಮ್ಮ ಲಾಟಿನದೇ ಅಂತ ಹೇಗೆ ನಂಬಲಿ? ಬಳ್ಳಾರಿ ತುಂಬ ನೀಲಿ ಚೂರುಗಳೇ ಅಲ್ಲವೇ?"

ನಿಜ. ಶಾರದಾ ನನ್ನ ಕಡೆ ನೋಡಲೂ ಇಲ್ಲ.

ಅಷ್ಟರಲ್ಲಿ ನಿವೇದಿತಾ ಬಗ್ಗಿ ಕೌದಿಯ ಒಂದು ಅಂಚನ್ನು ಕೈಗೆತ್ತಿಕೊಂಡರು. ಬಟ್ಟೆಯ ಪ್ರತಿ ರೋಲಿನ ತುದಿಯಲ್ಲಿ ಮಾರ್ಕರಿನಿಂದ ಲಾಟ್ ನಂಬರ್ ಬರೆದಿರುತ್ತಾರೆ. ಆ ನಂಬರಿನ ಚೂರುಗಳನ್ನೆಲ್ಲ ಒಂದೇ ಸಾಲಿನಲ್ಲಿ, ಅಕ್ಷರ ಮೇಲೆ ಕಾಣುವಂತೆ ಹೊಲಿದಿದ್ದರು. ಅರ್ಧ ಹೊಲಿದ ಕೌದಿಯಲ್ಲೂ ಹಾಗೆಯೇ.

"ಇವನ್ನ ಬೇಕಂತಲೇ ಹೀಗೆ ಹೊಲಿದಿರಾ ಅಮ್ಮ?"

"ಹೂಂನವ್ವ. ನನಗ ಓದಾಕ ಬರಂಗಿಲ್ಲ, ಆದ್ರ ಅವು ಅಕ್ಷರ ಅಂತ ಗೊತ್ತಾಗತೈತಲ್ಲ. ಕಾಲ ಕಡೀಗೆ ಹಚ್ಚಿದ್ರ ಸರಸ್ವತೀನ ತುಳದಂಗ. ಅದಕ್ಕ ಎಲ್ಲಾ ತಲಿ ಕಡೀಗೆ ಹಚ್ಚೀನಿ."

ನಿವೇದಿತಾ ಮೊಬೈಲ್ ತೆಗೆದು ಒಂದೊಂದೇ ನಂಬರ್ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ, ಎರಡು ಚೀಲದ ಲೆಕ್ಕವೂ ಸಿಕ್ಕಿತು. ಶಾರದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ ಹೆಮ್ಮೆಯಿಂದ ಎದೆ ತುಂಬಿ ಬಂತು. ಏನನ್ನೂ ಬಿಸಾಡದೆ ಮತ್ತೆ ಬಳಸುವುದಕ್ಕೆ ಸರ್ಕ್ಯುಲರ್ ಎಕಾನಮಿ ಅಂತ ಹೆಸರಿಟ್ಟು ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಸೆಮಿನಾರ್ ಮಾಡುತ್ತಾರಲ್ಲ, ಅವರಲ್ಲಿ ಎಷ್ಟು ಜನ ಚೂರು ಬಟ್ಟೆಯ ಮೇಲಿನ ಅಕ್ಷರಕ್ಕೆ ಜಾಗ ಹುಡುಕಿಕೊಟ್ಟಾರು? (ಹಾಗಂತ ಆ ಬ್ಲಾಕ್‌ಚೈನನ್ನು ಬೈಯುವಂತಿಲ್ಲ. ಅದು ಲೆಕ್ಕ ಕೇಳದಿದ್ದರೆ ನಾವ್ಯಾರೂ ಈ ಮನೆಗೆ ಬರುತ್ತಲೇ ಇರಲಿಲ್ಲ.)

ಆರ್ಡರ್ ಉಳಿಯಿತು. ನನ್ನ ಸೊನ್ನೆ ಮಾತ್ರ ನನ್ನ ಹೆಸರಿನ ಸಮೇತ ಅಲ್ಲೇ ಇರುತ್ತದಂತೆ. ಅದರ ಕೆಳಗೆ ‘ಉಳಿದ ಚೂರು ಕೌದಿಗೆ ಬಳಕೆ’ ಅಂತ ಹೊಸ ಸಾಲು ಬರುತ್ತದೆ.

"ನಿಮ್ಮ ಹೆಸರೂ ಸೇರಿಸ್ತೀನಮ್ಮ" ಅಂದರು ನಿವೇದಿತಾ. "ಆ ಪ್ಯಾಂಟು ಹಾಕಿಕೊಂಡವರು ಯಾವ ದೇಶದಲ್ಲಿ ಸ್ಕ್ಯಾನ್ ಮಾಡಿದರೂ ಕಾಣುತ್ತೆ. ಊರು ಬಳ್ಳಾರಿ ಅಂತ ಹಾಕಲಾ?"

ಗಂಗಮ್ಮ ಕೌದಿ ಮಡಚುವುದನ್ನು ನಿಲ್ಲಿಸಿದರು.

"ಹಚ್ಚೊಳ್ಳಿ ಅಂತ ಹಾಕವ್ವ. ಬಳ್ಳಾರಿ ಅಂದ್ರ ಅಲ್ಲಿ ಯಾರಿಗೆ ಗೊತ್ತಾಗಬೇಕು?"