ಕವರ್ ಇಲ್ಲದೆ ಬಂದ ತಂಗಿ

ಮಗಳ ಸೀಮಂತ. ಮೂಡುಬಿದಿರೆಯ ಹಾಲ್ ತುಂಬ ಜನ. ವೇದಿಕೆಯ ಮೇಲೆ ಹಸಿರು ಸೀರೆ ಉಟ್ಟು ಕೂತ ಮಗಳು, ಪಕ್ಕದಲ್ಲಿ ವಿಟ್ಲದಿಂದ ಬಂದ ಬೀಗಿತ್ತಿ, ಅವರ ಪಕ್ಕದಲ್ಲಿ ನಾನು. ಆಶೀರ್ವಾದ ಮಾಡಲು ಬಂದವರ ಸಾಲು ಬಾಗಿಲವರೆಗೆ. ಎಲ್ಲರ ಕೈಯಲ್ಲೂ ಒಂದೊಂದು ಉಡುಗೊರೆ ಹಣದ ಕವರ್.

ಸಾಲಿನಲ್ಲಿ ನನ್ನ ತಂಗಿ ಹೇಮಾಳ ಸರದಿ ಬಂತು. ಮಗಳ ತಲೆ ಮೇಲೆ ಅಕ್ಷತೆ ಹಾಕಿದಳು. ಕೆನ್ನೆ ಸವರಿದಳು. ಆಮೇಲೆ ಎರಡೂ ಕೈಗಳನ್ನು ಬಿಡಿಸಿ ತೋರಿಸಿ, ತೀರಾ ಸಹಜವಾಗಿ ಹೇಳಿದಳು: "ಮಗಾ, ಈ ಚಿಕ್ಕಮ್ಮನದ್ದು ಸದ್ಯಕ್ಕೆ ಆಶೀರ್ವಾದ ಮಾತ್ರ. ನಮ್ಮದು ಸಾಲ ಉಂಟು. ಅದು ತೀರುವವರೆಗೆ ಎಲ್ಲಿಯೂ ಕವರ್ ಇಲ್ಲ."

ಗುಟ್ಟಾಗಿ ಹೇಳಿದ್ದಲ್ಲ. ಬೀಗಿತ್ತಿಗೆ ಕೇಳಿತು. ಹಿಂದೆ ನಿಂತವರಿಗೂ ಕೇಳಿತು. ಫೋಟೋಗ್ರಾಫರ್ ಕೂಡ ಕ್ಯಾಮೆರಾ ಇಳಿಸಿ ಒಮ್ಮೆ ನೋಡಿದ.

ನನ್ನ ಮುಖ ಬಿಸಿಯಾಯಿತು. ಕವರ್ ಯಾರಿಗೆ ಬೇಕಿತ್ತು? ಸುಮ್ಮನೆ ಬಂದು ಸುಮ್ಮನೆ ಹೋಗಿದ್ದರೆ ಯಾರಿಗೆ ತಿಳಿಯುತ್ತಿತ್ತು? ಮೈಕ್ ಒಂದು ಕೈಗೆ ಕೊಡುವುದು ಬಾಕಿ ಎಂದು ಮನಸ್ಸಿನಲ್ಲೇ ಸಿಡುಕಿದೆ. (ಹೇಮಾ ಮಾತ್ರ ಆರಾಮವಾಗಿ ಹೋಗಿ ಊಟಕ್ಕೆ ಕೂತಳು. ಪಾಯಸ ಎರಡು ಸಲ ಹಾಕಿಸಿಕೊಂಡಳು.)

ಸಾಲ ಎನ್ನುವ ಶಬ್ದಕ್ಕೆ ನಮ್ಮಲ್ಲಿ ಎಷ್ಟು ಹೆದರಿಕೆ ನೋಡಿ. ಹಾಗೆಂದು ಸಾಲ ಇಲ್ಲದ ಮನೆ ಇದೆಯೇ? ನಮ್ಮ ಅಂಗಳದಲ್ಲಿ ನಿಂತ ಕಾರಿನದ್ದೂ ಇನ್ನೂ ತೀರಿಲ್ಲ. ಆದರೆ ನಾವು ಅದನ್ನು ಇಎಂಐ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಹೇಳಿದರೆ ಸಾಲಕ್ಕೂ ಒಂದು ಮರ್ಯಾದೆ ಬರುತ್ತದೆ.

ಹೇಮಾಳ ಸಾಲದ ಕತೆ ಹೀಗೆ. ಅವಳ ಗಂಡ ವಸಂತ ಒಳ್ಳೆಯ ಅಡುಗೆಯವ. ಹಲವು ವರ್ಷ ಬೇರೆಯವರ ಹೋಟೆಲುಗಳಲ್ಲಿ ದುಡಿದು, ಕೊನೆಗೆ ಪುಂಜಾಲಕಟ್ಟೆಯಲ್ಲಿ ಹೆದ್ದಾರಿ ಪಕ್ಕದ ಒಂದು ಕಟ್ಟಡದಲ್ಲಿ ತನ್ನದೇ ಮೀನೂಟದ ಹೋಟೆಲ್ ತೆರೆದ. ಸೊಸೈಟಿಯಿಂದ ಸಾಲ ತೆಗೆದ. ಸಾಲದ್ದಕ್ಕೆ ಹೇಮಾಳ ಬಳೆ, ಸರ ಎಲ್ಲ ಬ್ಯಾಂಕಿನಲ್ಲಿ ಅಡವು ಕೂತವು. ಹೋಟೆಲ್ ಚೆನ್ನಾಗಿಯೇ ನಡೆಯಿತು. ಬೆಳ್ತಂಗಡಿಗೆ ಹೋಗುವವರು, ಬಂಟ್ವಾಳಕ್ಕೆ ಬರುವವರು ಅವನ ಬಂಗುಡೆ ಮೀನಿನ ಗಸಿಗಾಗಿಯೇ ಗಾಡಿ ನಿಲ್ಲಿಸುತ್ತಿದ್ದರು.

ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ರಸ್ತೆ ಬೇಡ ಎಂದು ಯಾರು ಹೇಳುತ್ತಾರೆ? ಆದರೆ ಹೋಟೆಲಿನ ಎದುರು ಅಗೆದ ಹೊಂಡ ತಿಂಗಳುಗಟ್ಟಲೆ ಮುಚ್ಚಲಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಬಾಳೆಲೆ ಹಾಕಿದರೆ ಅನ್ನಕ್ಕಿಂತ ಮೊದಲು ಕೆಂಪು ಮಣ್ಣು ಬಂದು ಕೂರುತ್ತಿತ್ತು. ಗಿರಾಕಿಗಳು ಕಡಿಮೆಯಾದರು, ಕೆಲಸದವರು ಬಿಟ್ಟು ಹೋದರು, ಕೊನೆಗೆ ಬಾಗಿಲು ಹಾಕಬೇಕಾಯಿತು. ಸಾಲಕ್ಕೆ ಮಾತ್ರ ಬಾಗಿಲು ಇರುವುದಿಲ್ಲವಲ್ಲ.

ಸಲಹೆ ಕೊಡುವವರು ಬಂದರು. ಫೋನ್ ನಂಬರ್ ಬದಲಿಸು ಎಂದರು ಕೆಲವರು. ಸ್ವಲ್ಪ ಸಮಯ ಮುಂಬೈಗೆ ಹೋಗಿಬಿಡು ಎಂದರು ಇನ್ನು ಕೆಲವರು. ವಸಂತ ಮಾಡಿದ್ದೇ ಬೇರೆ. ನೋಟೀಸು ಬರುವ ಮೊದಲೇ ಸೊಸೈಟಿಗೆ ತಾನಾಗಿ ಹೋದ. ಓಡಿ ಹೋಗುವುದಿಲ್ಲ, ಕಂತು ಸಣ್ಣದು ಮಾಡಿ ಕೊಡಿ, ವರ್ಷ ಹೆಚ್ಚಾದರೂ ಅಡ್ಡಿ ಇಲ್ಲ ಎಂದ. ಸಾಲಗಾರನನ್ನು ಹುಡುಕಿಕೊಂಡು ಹೋಗಿ ಅಭ್ಯಾಸವಿದ್ದ ಅವರಿಗೆ, ಹುಡುಕಿಕೊಂಡು ಬಂದ ಸಾಲಗಾರನನ್ನು ಕಂಡು ಏನು ಹೇಳುವುದೆಂದೇ ತಿಳಿಯಲಿಲ್ಲವಂತೆ. ಕಂತು ಸಣ್ಣದಾಯಿತು.

ಮೊದಲು ತೀರಿಸಿದ್ದು ಯಾರ ಬಾಕಿ ಗೊತ್ತೇ? ದಿನಾ ಸ್ಕೂಟರಿನಲ್ಲಿ ಮೀನು ತಂದು ಹಾಕುತ್ತಿದ್ದ ಹಮೀದಾಕನದ್ದು. ಬ್ಯಾಂಕ್ ಬಡ್ಡಿ ಹಾಕಿಕೊಂಡು ಕಾಯುತ್ತದೆ, ಹಮೀದಾಕನ ಮನೆಯ ಒಲೆ ಹೇಗೆ ಕಾಯಬೇಕು ಎನ್ನುವುದು ವಸಂತನ ಪ್ರಶ್ನೆ. ಪಾತ್ರೆ, ಫ್ರಿಜ್, ಮೇಜು ಮಾರಿದ ಹಣ ನೇರ ಅಲ್ಲಿಗೆ ಹೋಯಿತು.

ಸೀಮಂತದ ಮರು ಭಾನುವಾರ ನಾನು ಪುಂಜಾಲಕಟ್ಟೆಗೆ ಹೊರಟೆ. ಕೈಯಲ್ಲಿ ಉಳಿದ ಲಾಡು. ಮನಸ್ಸಿನಲ್ಲಿ ತಂಗಿಗೆ ಹೇಳಬೇಕಾದ ನಾಲ್ಕು ಮಾತು.

ಹೋಗಿ ನೋಡಿದರೆ ಮನೆಯೆಲ್ಲ ಮೀನು ಗಸಿಯ ಪರಿಮಳ. ವಸಂತ ಒಲೆಯ ಎದುರು, ಹೇಮಾ ತೆಂಗಿನಕಾಯಿ ತುರಿಯುತ್ತಿದ್ದಾಳೆ, ಪಿಯುಸಿ ಓದುವ ಮಗಳು ಶ್ರಾವ್ಯ ಬಟ್ಟೆ ಮಡಚುತ್ತಿದ್ದಾಳೆ. ಸಾಲದ ಮನೆ ಹೀಗೆ ಇರುತ್ತದೆಯೇ? ನಾನಂತೂ ಒಂದು ಬಗೆಯ ಸೂತಕವನ್ನು ನಿರೀಕ್ಷಿಸಿದ್ದೆ.

ವಸಂತ ಈಗ ಪುತ್ತಿಗೆ ಕಡೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವ. ಮೊದಲ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಿನ್ನೆ ತನಕ ಯಜಮಾನನಾಗಿದ್ದವ ಇಂದು ಇನ್ನೊಬ್ಬರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದು ಸುಲಭದ ಮಾತೇ? ಹೇಮಾ ಬೆಳ್ತಂಗಡಿಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ನಿಂತು ಸೀರೆ ಬಿಡಿಸುವುದು, ಮಡಚುವುದು. ಹೋಟೆಲ್ ಮುಚ್ಚಿದ ಮೇಲೆ ತನಗೆಂದು ಒಂದು ಸೀರೆಯನ್ನೂ ತೆಗೆದುಕೊಂಡಿಲ್ಲ. ಅದಕ್ಕೆ ಅವಳ ಉತ್ತರ ಸಿದ್ಧ. ಸೀರೆ ನೋಡುವ ಆಸೆ ಅಂಗಡಿಯಲ್ಲೇ ತೀರುತ್ತದೆ, ಮೇಲಿಂದ ಸಂಬಳವನ್ನೂ ಕೊಡುತ್ತಾರೆ!

ಮನೆಗೆ ಒಂದು ನಿಯಮ ಇದೆ. ದಿನಸಿ, ಬಸ್ ಚಾರ್ಜ್, ಕಾಲೇಜಿನ ಫೀಸು ಬಿಟ್ಟು ಬೇರೆ ಯಾವ ಖರ್ಚಿಗೂ ಮೂವರೂ ಕೈ ಎತ್ತಬೇಕು. ಒಬ್ಬರ ಕೈ ಏಳದಿದ್ದರೂ ಆ ಖರ್ಚು ಇಲ್ಲ. ಕೇಬಲ್ ಹೀಗೆ ಹೋಯಿತು. ಬೈಕ್ ಹೀಗೆ ಹೋಯಿತು. ಹೊಸ ಮಿಕ್ಸಿಯ ಪ್ರಸ್ತಾಪ ಎರಡು ಸಲ ಬಿದ್ದುಹೋಗಿದೆ. (ನಮ್ಮ ವಿಧಾನಸಭೆಯಲ್ಲಿ ಇಷ್ಟು ಶಿಸ್ತಾಗಿ ಬಜೆಟ್ ಚರ್ಚೆ ಆಗುತ್ತದೋ ಇಲ್ಲವೋ!)

ಹಾಗಾದರೆ ಈ ಮೀನು ಎಂದು ಕೇಳಿದೆ. ಭಾನುವಾರದ ಮೀನಿಗೆ ಮಾತ್ರ ಮೊದಲ ದಿನವೇ ಮೂರೂ ಕೈ ಎದ್ದಿದ್ದವಂತೆ. ಹೇಮಾ ನಕ್ಕಳು. "ಅಕ್ಕ, ಎಲ್ಲ ಕಂತು ಬ್ಯಾಂಕಿಗೇ ಕಟ್ಟಿದ್ರೆ ಹೇಗೆ? ನಮಗೂ ವಾರಕ್ಕೊಂದು ಕಂತು ಕಟ್ಟಿಕೊಳ್ಬೇಕಲ್ವಾ?"

ನಾನು ತಂದಿದ್ದ ನಾಲ್ಕು ಮಾತುಗಳಲ್ಲಿ ಒಂದನ್ನು ಹೊರಗೆ ತೆಗೆದೆ. ಸೀಮಂತದ ದಿನ ಅಷ್ಟು ಜನರ ಎದುರು ಹಾಗೆ ಹೇಳಬೇಕಿತ್ತಾ ಎಂದೆ.

ಉತ್ತರ ಬಂದದ್ದು ಶ್ರಾವ್ಯಳಿಂದ. ಕಾಲೇಜಿನಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಕೇಕ್ ತರಲು ಎಲ್ಲರಿಂದ ದುಡ್ಡು ಎತ್ತುತ್ತಿದ್ದರಂತೆ. ಮೊದಮೊದಲು ಇಂಥದ್ದಕ್ಕೆಲ್ಲ ಅವಳು ನೆಪ ಹೇಳುತ್ತಿದ್ದಳು. ಪರ್ಸ್ ಮರೆತೆ, ನಾಳೆ ಕೊಡುತ್ತೇನೆ, ಹೊಟ್ಟೆ ನೋವು. ನೆಪಗಳು ಮುಗಿದುಹೋದವು. ಒಂದು ದಿನ ನೇರ ಹೇಳಿಬಿಟ್ಟಳು, ನನಗೆ ಆಗುವುದಿಲ್ಲ, ಮನೆಯಲ್ಲಿ ಸಾಲ ಉಂಟು ಎಂದು. ಯಾರೂ ನಗಲಿಲ್ಲ.

"ಮತ್ತೆ ಎಂತ ಆಯ್ತು ಗೊತ್ತುಂಟಾ ದೊಡ್ಡಮ್ಮ? ಸಂಜೆ ಬಸ್ಸಿನಲ್ಲಿ ಒಬ್ಬಳು ಹತ್ತಿರ ಬಂದು ಕೂತು, ನಮ್ಮ ಮನೆಯಲ್ಲಿಯೂ ಉಂಟು ಅಂದಳು. ಅವಳು ಆವರೆಗೆ ಯಾರ ಹತ್ರವೂ ಹೇಳಿರ್ಲಿಲ್ಲ."

ಉಳಿದ ಮೂರು ಮಾತುಗಳನ್ನು ನಾನು ಹೊರಗೆ ತೆಗೆಯಲೇ ಇಲ್ಲ.

ಊಟಕ್ಕೆ ಕೂತು ಏಳುವಷ್ಟರಲ್ಲಿ ಅಂಗಳದಲ್ಲಿ ಯಾರೋ ಕರೆದರು. ವಸಂತನ ಹೋಟೆಲ್ ಇದ್ದ ಕಟ್ಟಡದ ಯಜಮಾನರು. ಊರಿನ ಹಳೆಯ ಜೈನ ಮನೆತನದವರು, ಮೃದು ಮಾತಿನವರು. ಹೋಟೆಲ್ ಮುಳುಗುತ್ತಿದ್ದಾಗ ಕೊನೆಯ ತಿಂಗಳುಗಳ ಬಾಡಿಗೆಯನ್ನು ಬಾಯಿಬಿಟ್ಟು ಕೇಳಿರಲಿಲ್ಲ ಅವರು. ಮೀನಿನ ಮನೆಯೊಳಗೆ ಬರಲಾರದೆ ಜಗಲಿಯಲ್ಲೇ ಕೂತರು. ಬೆಲ್ಲ, ನೀರು ತೆಗೆದುಕೊಂಡರು. ಆಮೇಲೆ ವಿಷಯಕ್ಕೆ ಬಂದರು.

ರಸ್ತೆ ಕೆಲಸ ಮುಗಿದಿದೆ. ಎದುರಿನಲ್ಲಿ ನಾಲ್ಕು ಬಸ್ಸು ನಿಲ್ಲುವಷ್ಟು ಜಾಗ ಆಗಿದೆ. ವಸಂತ ಬರುವುದಾದರೆ ಹಳೆಯ ಬಾಡಿಗೆಗೇ ಕೊಡುತ್ತೇನೆ, ಅಡ್ವಾನ್ಸ್ ಅರ್ಧ ಸಾಕು ಎಂದರು. ವಿಟ್ಲದ ಕಡೆಯ ಒಬ್ಬ ಯುವಕ ಕೇಳಿಕೊಂಡು ಬಂದಿದ್ದಾನೆ, ಆದರೆ ನಿನ್ನನ್ನು ಕೇಳದೆ ಕೊಡಲು ಮನಸ್ಸು ಬರಲಿಲ್ಲ ಎಂದೂ ಹೇಳಿದರು.

ವಸಂತನ ಮುಖವನ್ನು ನೀವು ನೋಡಬೇಕಿತ್ತು. ಮನುಷ್ಯನ ಮುಖದಲ್ಲಿ ದೀಪ ಹೊತ್ತಿಕೊಳ್ಳುವುದು ಎಂದರೆ ಏನೆಂದು ನನಗೆ ಆವತ್ತು ತಿಳಿಯಿತು. ಹಾಸ್ಟೆಲಿನ ಸಾಂಬಾರು ಕುದಿಸುತ್ತಾ ಅವನು ಇಷ್ಟು ದಿನ ಕನಸು ಕಂಡದ್ದು ಇದನ್ನೇ ಅಲ್ಲವೇ?

ಆದರೆ ಅರ್ಧ ಅಡ್ವಾನ್ಸಿಗೂ ಹಣ ಬೇಕು. ಪಾತ್ರೆ, ಫ್ರಿಜ್, ಮೇಜು ಮತ್ತೆ ಬೇಕು. ಅಂದರೆ ಹೊಸ ಸಾಲ. ಹಳೆಯದು ಬಹುಪಾಲು ತೀರಿತ್ತು. ಬಳೆಗಳು ಮನೆಗೆ ಬಂದಿದ್ದವು, ಸರ ಇನ್ನೂ ಬ್ಯಾಂಕಿನಲ್ಲೇ ಇತ್ತು.

ನಾನು ಬಾಯಿ ತೆರೆದೆ. ನಾವು ಕೊಡುತ್ತೇವೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಮಾ ನನ್ನ ಕಡೆ ನೋಡಿ, ಬೇಡ ಎಂದು ಕತ್ತು ಅಲ್ಲಾಡಿಸಿದಳು. (ಆಮೇಲೆ ಅಡುಗೆಮನೆಯಲ್ಲಿ ಕಾರಣ ಹೇಳಿದಳು. ನಿನ್ನಿಂದ ತೆಗೆದುಕೊಂಡರೆ ನಿಮ್ಮ ಮನೆಗೆ ಸಾಲಗಾರ್ತಿಯಾಗಿ ಬರಬೇಕಾಗುತ್ತದೆ, ಈಗ ತಂಗಿಯಾಗಿ ಬರುತ್ತಿದ್ದೇನೆ, ಅದನ್ನು ಹಾಗೇ ಬಿಡು ಅಕ್ಕ ಎಂದಳು.)

ಮನೆಯ ನಿಯಮದಂತೆ ಪ್ರಸ್ತಾಪ ಜಗಲಿಯಲ್ಲೇ ಮಂಡನೆಯಾಯಿತು. ಮೊದಲು ಎದ್ದದ್ದು ಶ್ರಾವ್ಯಳ ಕೈ.

"ಅಪ್ಪನಿಗೆ ಆಸೆ ಉಂಟು. ನನ್ನದು ಹೌದು. ನನಗೆ ಇನ್ನೂ ಎರಡು ವರ್ಷ ಹೀಗೇ ಇರ್ಲಿಕ್ಕೆ ಆಗ್ತದೆ."

ಹೇಮಾ ಗಂಡನ ಮುಖವನ್ನೇ ನೋಡುತ್ತಿದ್ದಳು. ನಿಧಾನವಾಗಿ ಅವಳೂ ಕೈ ಎತ್ತಿದಳು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕತ್ತು ಖಾಲಿ ಇರುವ ಹೆಂಗಸು ಆಕೆ. ಮನೆಗೆ ಬಂದ ಬಳೆಗಳು ಮತ್ತೆ ಬ್ಯಾಂಕಿಗೆ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಎತ್ತಿದಳು.

ಉಳಿದದ್ದು ವಸಂತನ ಕೈ ಮಾತ್ರ.

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅವನು ಅದು ಹೋಗುವುದನ್ನೇ ನೋಡುತ್ತಿದ್ದ. ಮಗಳು ಅಪ್ಪ ಎಂದು ಕರೆದಳು. ಕೈ ಮೊಣಕಾಲಿನ ಮೇಲೆಯೇ ಇತ್ತು.

"ಆಸೆ ಉಂಟು. ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ" ಎಂದ ಯಜಮಾನರಿಗೆ. "ಆದ್ರೆ ಒಂದು ಸಾಲ ಮುಗಿಯುವ ಮೊದಲು ಇನ್ನೊಂದು ತಂದ್ರೆ, ಈ ಮಗುವಿನ ಪ್ರಾಯ ಎಲ್ಲ ಕಂತಿನಲ್ಲೇ ಹೋಗ್ತದೆ. ಇವರಿಬ್ಬರು ಬೇಡ ಹೇಳಿದ್ದಿದ್ರೆ ನಾನು ಹಟ ಮಾಡ್ತಿದ್ದೆನೋ ಏನೋ. ಹೌದು ಹೇಳಿದ್ರಲ್ಲ, ಇನ್ನು ನನಗೆ ಮನಸ್ಸಾಗುವುದಿಲ್ಲ. ಆ ಹುಡುಗನಿಗೇ ಕೊಡಿ."

ಯಜಮಾನರು ಎದ್ದು, ವಸಂತನ ಭುಜ ಒಮ್ಮೆ ಮುಟ್ಟಿ ಹೋದರು. ಶ್ರಾವ್ಯ ಮಡಚಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೊಮ್ಮೆ ಮಡಚಿದಳು.

ತ್ಯಾಗ ಎಂದರೆ ನಮಗೆ ದೊಡ್ಡ ದೊಡ್ಡ ಚಿತ್ರಗಳೇ ಕಣ್ಣಿಗೆ ಬರುತ್ತವೆ. ಮೊಣಕಾಲಿನ ಮೇಲಿಂದ ಏಳದೆ ಉಳಿದ ಒಂದು ಕೈ ಯಾರ ಕಣ್ಣಿಗೆ ಬೀಳುತ್ತದೆ?

ಮೊನ್ನೆ ಹೇಮಾಳ ಫೋನ್ ಬಂತು. ಆ ಹುಡುಗನ ಹೋಟೆಲ್ ಶುರುವಾಗಿದೆ, ನಾವು ಮೂವರೂ ಊಟಕ್ಕೆ ಹೋಗುತ್ತಿದ್ದೇವೆ, ನೀನೂ ಬಾ ಎಂದಳು. ಪ್ರಸ್ತಾಪ ತಂದದ್ದು ವಸಂತನಂತೆ. ಮೂರೂ ಕೈ ಎದ್ದವಂತೆ.

ಹೋದೆ. ಹೊಸ ಬೋರ್ಡು, ಹೊಸ ಬಣ್ಣ, ಎದುರಿನಲ್ಲಿ ಸಾಲಾಗಿ ಗಾಡಿಗಳು. ವಸಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೂಲೆಯ ಮೇಜಿನಲ್ಲಿ ಕೂತೆವು. ಅವನ ಕಣ್ಣು ಮಾತ್ರ ಅಡುಗೆಮನೆಯ ಬಾಗಿಲಿಗೆ ಹೋಗಿ ಹೋಗಿ ಬರುತ್ತಿತ್ತು. ಊಟ ಬಂತು. ಗಸಿಯನ್ನು ಮೊದಲು ಬೆರಳ ತುದಿಯಲ್ಲಿ ರುಚಿ ನೋಡಿದ. ನಾವು ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಚೆನ್ನಾಗಿ ಉಂಟು ಎಂದ. ಎಲೆಯಲ್ಲಿ ಒಂದು ಅಗಳೂ ಬಿಡದೆ ಉಂಡ.

ಕೈ ತೊಳೆದು ಕೌಂಟರಿಗೆ ಹೋದಾಗ ಆ ಯುವಕ ಎದ್ದು ನಿಂತ. ವಸಂತ ಯಾರೆಂದು ಅವನಿಗೆ ಗೊತ್ತಿತ್ತು. ನಿಮ್ಮಿಂದ ಹಣ ತೆಗೆದುಕೊಳ್ಳಲಾರೆ ಎಂದ.

ವಸಂತ ನೋಟುಗಳನ್ನು ಕೌಂಟರಿನ ಮೇಲಿಟ್ಟ. ನನ್ನಂಥವರಿಗೆಲ್ಲ ಬಿಲ್ ಬಿಡಬಾರದು, ಬಿಟ್ಟರೆ ಹೋಟೆಲ್ ನಡೆಯುವುದಿಲ್ಲ ಎಂದ. ಆಮೇಲೆ ಧ್ವನಿ ತಗ್ಗಿಸಿದ. "ಮಳೆಗಾಲಕ್ಕೆ ಹಿಂದಿನ ಗೋಡೆಯಿಂದ ನೀರು ಬರ್ತದೆ ಮಾರಾಯ, ಅಕ್ಕಿ ಚೀಲ ಆ ಬದಿಯಲ್ಲಿ ಇಡ್ಬೇಡ. ಬಂಗುಡೆ ಹಮೀದಾಕನ ಹತ್ರ ತಕ್ಕೋ, ಮೋಸ ಇಲ್ಲ. ಒಳ್ಳೆದಾಗ್ಲಿ."

ಹೊರಗೆ ಬಂದ ಮೇಲೆ ಅವನು ಯಾರ ಮುಖವನ್ನೂ ನೋಡಲಿಲ್ಲ. ಶ್ರಾವ್ಯ ಹೋಗಿ ಅಪ್ಪನ ಕೈ ಹಿಡಿದುಕೊಂಡಳು. ಸಣ್ಣ ಮಗುವಿನ ಹಾಗೆ, ಬಸ್ ಸ್ಟ್ಯಾಂಡ್ ತನಕ.

ತನ್ನದಾಗಬಹುದಾಗಿದ್ದ ಹೋಟೆಲಿನಲ್ಲಿ ಬಿಲ್ ಕೊಟ್ಟು ಉಂಡು, ಅದನ್ನು ನಡೆಸುವವನಿಗೆ ಒಳ್ಳೆಯದಾಗಲಿ ಎಂದು ಹರಸಿ ಬಂದವನನ್ನು ಸಾಲಗಾರ ಎಂದು ಕರೆಯುವಷ್ಟು ಶ್ರೀಮಂತರು ನಮ್ಮಲ್ಲಿ ಯಾರಿದ್ದಾರೆ?