ಹುಲಿಗೆಮ್ಮ ಕಾಯ್ದ ರೋಮನ್ ಊರು

ಹುಲಿಗೆಮ್ಮನವರ ಕೈಗೆ ಆ ಫೋನ್ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಅವರ ಮೇಲಿನ ದೂರಿನಂತೆ ಕೇಳಿಸೀತು.

ಮಗಳು ದೀಪಿಕಾಳಿಗೆ ಎರಡೂವರೆ ವರ್ಷವಾದಾಗ ನಾನು ಸಿಂಧನೂರಿನ ಒಂದು ಪಿಯು ಕಾಲೇಜಿಗೆ ಪಾಠ ಮಾಡಲು ಸೇರಿದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಮನೆಗೆ ಬರುವುದು ಎರಡಕ್ಕೆ. ಆ ಆರು ಗಂಟೆ ಮಗುವನ್ನು ನೋಡಿಕೊಳ್ಳಲು ಬಂದವರು ಹುಲಿಗೆಮ್ಮ. ವಯಸ್ಸು ಐವತ್ತೈದು ಎಂದು ಒಮ್ಮೆ, ಅರವತ್ತು ಎಂದು ಒಮ್ಮೆ ಹೇಳಿದರು. ಎರಡೂ ಮೊಣಕಾಲು ಸವೆದಿದ್ದವು. ಕಾಲಿನ ಬೆರಳುಗಳ ಸಂದು ಎಷ್ಟು ಎಣ್ಣೆ ಹಚ್ಚಿದರೂ ಬೆಳ್ಳಗೆ ಬಿರಿದೇ ಇರುತ್ತಿತ್ತು. ನಲವತ್ತು ವರ್ಷ ಗದ್ದೆಯ ಕೆಸರಿನಲ್ಲಿ ನಿಂತ ಕಾಲುಗಳು ಅವು.

ನಾನು ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು. ಗುರುತಿಲ್ಲದವರ ಹತ್ತಿರ ಮಗುವನ್ನು ಬಿಟ್ಟು ಹೋಗುವುದು ನನಗೆ ರೂಢಿಯಿರಲಿಲ್ಲ. ಮಗು ಬಚ್ಚಲಲ್ಲಿ ಜಾರಿದರೆ? ಗೇಟು ತೆರೆದುಕೊಂಡು ರಸ್ತೆಗೆ ಹೋದರೆ? ನಮ್ಮ ಬೀದಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಓಡಾಡುತ್ತವೆ. ಅದಕ್ಕೇ ನನ್ನ ಗಂಡ ಚನ್ನವೀರನ ಹಳೆಯ ಫೋನನ್ನು ಹುಲಿಗೆಮ್ಮನವರಿಗೆ ಕೊಟ್ಟು, ಪಾಠದ ನಡುವೆ ವಿಡಿಯೊ ಕರೆ ಮಾಡಿ ಮಗುವನ್ನು ತೋರಿಸಿ ಎನ್ನುತ್ತಿದ್ದೆ. ದಿನಕ್ಕೆ ನಾಲ್ಕು ಸಲ, ಕೆಲವೊಮ್ಮೆ ಆರು ಸಲ.

ಆ ಫೋನಿನಲ್ಲಿ ಚನ್ನವೀರ ಆಡುತ್ತಿದ್ದ ಒಂದು ಆಟ ಹಾಗೇ ಉಳಿದುಕೊಂಡಿತ್ತು.

ಆಟ ನೋಡಲು ಸರಳ. ಪರದೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿಯಂತೆ ನೆಲ. ಬೆರಳಿಂದ ಎಡಕ್ಕೆ ಬಲಕ್ಕೆ ಸರಿಸುತ್ತ ಹೋಗಬಹುದು. ನಡುವೆ ಎರಡು ಸಾವಿರ ವರ್ಷದ ಹಿಂದಿನ ರೋಮನ್ನರ ಸಣ್ಣ ಊರು: ಒಂದು ಬೆಂಕಿ, ಒಂದು ಧ್ವಜ, ಕೆಂಪು ಹೊದಿಕೆಯ ಒಬ್ಬ ಕುದುರೆ ಸವಾರ. ಎರಡೂ ಕಡೆ ಕಾಡು. ಹಗಲಿನಲ್ಲಿ ಸವಾರ ಎಲ್ಲಿ ತೋರಿಸುತ್ತಾನೋ ಅಲ್ಲಿ ಕೆಲಸದವರು ಮರ ಕಡಿದು, ಕಲ್ಲು ಹೊತ್ತು ಗೋಡೆ ಕಟ್ಟುತ್ತಾರೆ. ಹೊತ್ತು ಮುಳುಗಿದರೆ ಕಾಡಿನಿಂದ ಶತ್ರುಗಳು ಬಂದು ಗೋಡೆ ಒಡೆಯುತ್ತಾರೆ. ಮೂವತ್ತು ರಾತ್ರಿ ಊರು ಉಳಿದರೆ ನದಿಯಲ್ಲಿ ಹಡಗು ಬಂದು ಎಲ್ಲರನ್ನೂ ಕರೆದುಕೊಂಡು ಹೋಗುತ್ತದೆ. ಸವಾರ ಸತ್ತರೆ ಧ್ವಜ ಬಿದ್ದಂತೆ. ಮತ್ತೆ ಮೊದಲ ದಿನದಿಂದ ಶುರು.

ಒಂದು ದಿನ ಕಾಲೇಜಿನಿಂದ ಬೇಗ ಬಂದೆ. ದೀಪಿಕಾ ಹುಲಿಗೆಮ್ಮನವರ ತೊಡೆಯ ಮೇಲೆ ಕೂತು ಫೋನನ್ನೇ ನೋಡುತ್ತ ಬಾಯಿ ತೆರೆಯುತ್ತಿದ್ದಳು. ಅವರು ಒಂದು ಕೈಯಲ್ಲಿ ಅನ್ನ ತಿನ್ನಿಸುತ್ತ ಇನ್ನೊಂದು ಕೈಯಲ್ಲಿ ರೋಮನ್ನರನ್ನು ಓಡಾಡಿಸುತ್ತಿದ್ದರು.

"ಇದೇನು ಹುಲಿಗೆಮ್ಮಕ್ಕ?"

"ಅಣ್ಣಾರು ತೋರಿಸ್ಯಾರ್ರೀ. ಇದನ್ನ ನೋಡಕೋಂತ ಕೂಸು ನಾಕು ತುತ್ತು ಜಾಸ್ತಿ ತಿಂತೈತಿ." ಆಮೇಲೆ ತಲೆ ಎತ್ತದೆ, "ಒಂದೀಟು ತಡೀರಿ ಅಕ್ಕಾರ, ಹೊತ್ತು ಮುಣಗಾಕತೈತಿ, ನಮ್ ಮಂದಿ ಹೊರಗ ಅದಾರ," ಎಂದರು.

ನಮ್ಮ ಮಂದಿ ಎಂದರೆ ಯಾರು ಎಂಬುದು ನನಗೆ ನಿಧಾನವಾಗಿ ತಿಳಿಯಿತು.

ಹುಲಿಗೆಮ್ಮ ಮಸ್ಕಿ ಕಡೆಯ ಮಳೆಯಾಶ್ರಿತ ಹಳ್ಳಿಯವರು. ಹದಿನಾಲ್ಕನೇ ವಯಸ್ಸಿಗೆ ತಾಯಿಯ ಜೊತೆ ಕಾಲುವೆ ಸೀಮೆಗೆ ಭತ್ತ ನಾಟಿ ಮಾಡಲು ಬಂದರು. ಮೂವತ್ತು ತುಂಬುವ ಹೊತ್ತಿಗೆ ಇಪ್ಪತ್ತೆರಡು ಹೆಂಗಸರ ಗುಂಪಿಗೆ ಅವರೇ ಮೇಸ್ತ್ರಿ. ದಢೇಸುಗೂರಿನಿಂದ ಜವಳಗೇರಾದವರೆಗೆ, ನಡುವಿನ ಕ್ಯಾಂಪುಗಳಲ್ಲೆಲ್ಲ ಆ ಗುಂಪಿಗೆ ಹೆಸರಿತ್ತು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದ್ದ ತೆಲುಗು ರೈತರು ಬೆಳಿಗ್ಗೆ ಐದಕ್ಕೇ ಟ್ರ್ಯಾಕ್ಟರ್ ಕಳಿಸಿ ಕಾಯುತ್ತಿದ್ದರಂತೆ. ಆಮೇಲೆ ನಾಟಿ ಯಂತ್ರ ಬಂತು. ಕೆಲವರು ಕೆಸರು ಮಾಡದೆ ಕೂರಿಗೆಯಲ್ಲೇ ಭತ್ತ ಬಿತ್ತತೊಡಗಿದರು. ಗುಂಪು ಹದಿನೈದಾಯಿತು, ಎಂಟಾಯಿತು. ಹುಲಿಗೆಮ್ಮನವರ ಮೊಣಕಾಲು ಹೋದ ವರ್ಷ ಗುಂಪೂ ಹೋಯಿತು. ಮಗಳು ರೇಣುಕಮ್ಮ ಲಿಂಗಸುಗೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ನಮ್ಮಲ್ಲಿಗೆ ಬಂದುಬಿಡು ಎಂದು ಕರೆಯುತ್ತಲೇ ಇರುತ್ತಾಳೆ. ಇವರು ಹೋಗುವುದಿಲ್ಲ.

ಆಟದ ಊರಿನಲ್ಲಿ ಕೆಲಸದವರು ಇಪ್ಪತ್ತೊಂದು ಜನ. ಅವರಿಗೆಲ್ಲ ಹುಲಿಗೆಮ್ಮ ತಮ್ಮ ಗುಂಪಿನ ಹೆಸರಿಟ್ಟಿದ್ದರು. ಶಾಹೀಸ್ತಾ, ಬಸ್ಸಮ್ಮ, ದೊಡ್ಡ ಯಲ್ಲಮ್ಮ, ಸಣ್ಣ ಯಲ್ಲಮ್ಮ. ನನ್ನ ಕಣ್ಣಿಗೆ ಎಲ್ಲ ಗೊಂಬೆಗಳೂ ಒಂದೇ, ಎಲ್ಲರಿಗೂ ಒಂದೇ ಕಂದು ಅಂಗಿ. ಅವರಿಗೆ ಮಾತ್ರ ಯಾರು ಯಾರೆಂದು ಗೊತ್ತಿರುತ್ತಿತ್ತು. ಕುದುರೆಯ ಮೇಲಿನವನು ಮೇಸ್ತ್ರಿ.

"ಅಂದ್ರ ಅದು ನೀವು," ಎಂದೆ ಒಮ್ಮೆ.

"ನನಗೆಲ್ಲಿ ಕುದುರಿ ಕೊಟ್ಟಿದ್ರರೀ. ಟ್ರ್ಯಾಕ್ಟರ್ ಟ್ರೇಲಿಯಾಗ ನಿಂತ ಹೋಗ್ತಿದ್ದೆ."

ಆದರೆ ಅವರು ಗೆಲ್ಲುತ್ತಿರಲಿಲ್ಲ. ಹತ್ತನೇ ರಾತ್ರಿ, ಹನ್ನೆರಡನೇ ರಾತ್ರಿಗೆ ಆಟ ನಿಂತುಬಿಡುತ್ತಿತ್ತು. ಚನ್ನವೀರ ಒಂದು ಭಾನುವಾರ ಪಕ್ಕದಲ್ಲಿ ಕೂತು ನೋಡಿ ನಕ್ಕುಬಿಟ್ಟ.

"ಆಯಿ, ಎಲ್ಲರೂ ಒಳಗಿನ ಗೋಡಿ ಮೊದಲು ಕಟ್ತಾರ. ಆಮ್ಯಾಲ ಹೊರಗಿಂದು. ನೀವು ಉಲ್ಟಾ ಮಾಡಾಕತ್ತೀರಲ್ಲ. ಮೊದಲನೇ ದಿನಾನ ಕಾಡಿನ ಬಾಯಿಗೆ ಹೋಗಿ ಗೋಡಿ ಕಟ್ಟಿದ್ರ ಅದನ್ನ ಕಾಯೋರು ಯಾರು?"

"ಉಲ್ಟಾ ಅಲ್ರೀ ಅಣ್ಣಾರ. ದೂರದ್ದು ಮೊದಲು."

"ಯಾಕ?"

"ಹತ್ರದ್ದು ಯಾವಾಗ ಬೇಕಾದ್ರೂ ಆಕ್ಕತಿ. ದೂರದ್ದು ಮೈಯಾಗ ಕಸುವು ಇದ್ದಾಗ ಮುಗಿಸಬೇಕು."

ನಾಟಿ ಮಾಡುವುದೇ ಹಾಗೆ. ಹೆಂಗಸರು ಗದ್ದೆಯ ದೂರದ ಬದುವಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಬಗ್ಗಿ ಸಸಿ ಊರುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುತ್ತಾರೆ. ಮುಂದಕ್ಕೆ ನಡೆದರೆ ನೆಟ್ಟ ಸಸಿಯನ್ನೇ ತುಳಿದಂತೆ. ಸಂಜೆ ಕೊನೆಯ ಸಸಿ ಊರಿದಾಗ ಬೆನ್ನ ಹಿಂದೆ ರಸ್ತೆ ಇರಬೇಕು, ಟ್ರ್ಯಾಕ್ಟರ್ ಇರಬೇಕು. ನಲವತ್ತು ವರ್ಷ ಹೀಗೆ ಹಿಂದಕ್ಕೆ ನಡೆದವರು ರೋಮನ್ನರ ಊರನ್ನೂ ಹಾಗೆಯೇ ಕಟ್ಟುತ್ತಿದ್ದರು. ಹಗಲು ಪೂರ್ತಿ ಅವರ ಜನ ಕಾಡಿನ ಅಂಚಿನಲ್ಲಿರುತ್ತಿದ್ದರು. ಹೊತ್ತು ಮುಳುಗುವಾಗ ಅಷ್ಟು ದೂರದಿಂದ ಓಡಿ ಬರುವುದರಲ್ಲಿ ಒಬ್ಬರಲ್ಲ ಒಬ್ಬರು ಶತ್ರುವಿನ ಕೈಗೆ ಸಿಗುತ್ತಿದ್ದರು. ಒಬ್ಬರು ಸಿಕ್ಕರೆ ಸಾಕು, ಹುಲಿಗೆಮ್ಮ ಆಟ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತಿದ್ದರು.

"ಒಬ್ಬರು ಹೋದ್ರೂ ಆಟ ನಡೀತದ, ಮುಂದುವರಿಸ್ರಿ," ಎಂದು ಚನ್ನವೀರ ಎಷ್ಟೋ ಸಲ ಹೇಳಿದ.

"ಎಲ್ಲಾರೂ ಬರಬೇಕ್ರೀ," ಎನ್ನುತ್ತಿದ್ದರು. ಅಷ್ಟೇ.

ಯಾಕೆಂದು ನಾನು ಕೇಳಿರಲಿಲ್ಲ. ದೀಪಿಕಾಳ ಬಟ್ಟೆ ಮಡಿಸುತ್ತ ಒಂದು ಮಧ್ಯಾಹ್ನ ಅವರೇ ಹೇಳಿದರು. ಗುಂಪಿನ ಇಪ್ಪತ್ತೆರಡನೆಯವಳು ಅಮರೇಶ್ವರಿ. ಆರು ತಿಂಗಳ ಬಸುರಿ, ಆದರೂ ಕೆಲಸಕ್ಕೆ ಬಂದಿದ್ದಳು. ಬಗ್ಗಲು ಆಗುವುದಿಲ್ಲ ಎಂದು ದೂರದ ಬದುವಿನಲ್ಲಿ ಕೂತು ಸಸಿಯ ಕಟ್ಟು ಬಿಚ್ಚಿಕೊಡು ಎಂದು ಅವಳನ್ನು ಕೂರಿಸಿದವರು ಹುಲಿಗೆಮ್ಮನೇ. ನಾಟಿ ಹಿಂದೆ ಹಿಂದೆ ಸರಿಯುತ್ತ ರಸ್ತೆಗೆ ಬಂತು. ಮೋಡ ಕಟ್ಟಿತ್ತು, ಟ್ರ್ಯಾಕ್ಟರಿನವನು ಅವಸರ ಮಾಡಿದ. ಅಮರೇಶ್ವರಿ ಮಧ್ಯಾಹ್ನದ ಆಟೊದಲ್ಲೇ ಮನೆಗೆ ಹೋಗಿದ್ದಾಳೆ ಎಂದು ಯಾರೋ ಅಂದರು, ಹುಲಿಗೆಮ್ಮ ನಂಬಿದರು. ಅವಳು ಅಲ್ಲೇ ಬದುವಿನ ಜಾಲಿ ಮರದಡಿ ಮಲಗಿಬಿಟ್ಟಿದ್ದಳು. ಎದ್ದು ನೋಡಿದಾಗ ಗದ್ದೆಯಲ್ಲಿ ಯಾರೂ ಇಲ್ಲ. ಕಾಲುವೆಯ ದಂಡೆ ಹಿಡಿದು ಆರು ಕಿಲೋಮೀಟರ್ ಮಳೆಯಲ್ಲಿ ಒಬ್ಬಳೇ ನಡೆದು ಬಂದಳು.

"ಏನಾರ ಆಯ್ತಾ ಅಕಿಗೆ?" ಎಂದೆ.

"ಏನೂ ಆಗ್ಲಿಲ್ರೀ. ಗಂಡು ಕೂಸು ಹಡದಳು. ಚೆಂದಾಗೈತಿ."

"ಮತ್ತ?"

"ಬೈಲಿಲ್ರೀ. ಒಂದ ಮಾತು ಬೈಲಿಲ್ಲ. ಮುಂದಿನ ವರ್ಷ ನರಸಣ್ಣನ ಗುಂಪಿಗೆ ಹೋದಳು." ಅಂಗಿಯೊಂದನ್ನು ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. "ಆಕಿ ಹೆಸರು ಆಟದಾಗ ಇಟ್ಟಿಲ್ರೀ ನಾನು. ಆಕಿ ಬ್ಯಾರೆ ಗುಂಪಿನಾಕಿ ಈಗ."

ಇದನ್ನು ಕೇಳಿದ ಮೇಲೆ ನಾನು ಆ ಆಟದ ತಂಟೆಗೆ ಹೋಗದೆ ಇರಬಹುದಿತ್ತು. ಆದರೆ ಸಂಕ್ರಾಂತಿಯ ಹಿಂದಿನ ವಾರ ದೀಪಿಕಾಳ ಕಣ್ಣಲ್ಲಿ ನೀರು ಸೋರತೊಡಗಿತು. ಕಣ್ಣಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಧೂಳಿನ ಅಲರ್ಜಿ ಎಂದು ಹನಿ ಬರೆದುಕೊಟ್ಟರು. ಹೊರಡುವಾಗ, "ಫೋನ್ ನೋಡ್ತಾಳೇನು?" ಎಂದರು. ನೋಡುತ್ತಾಳೆ ಎಂದೆ. "ಬ್ಯಾಡ," ಎಂದರು. ಆ ಒಂದು ಮಾತು ಹಿಡಿದುಕೊಂಡು ಎರಡು ದಿನ ನನಗೆ ಊಟ ಸೇರಲಿಲ್ಲ. ಮಗಳು ಕಣ್ಣುಜ್ಜಿದಾಗೆಲ್ಲ ಎರಡು ಬೆರಳು ತೋರಿಸಿ ಇದೆಷ್ಟು, ಇದೆಷ್ಟು ಎಂದು ಕೇಳಿ ಕೇಳಿ ಅವಳನ್ನೂ ಅಳಿಸಿದೆ.

ಕೊನೆಗೆ ಹುಲಿಗೆಮ್ಮನವರಿಗೆ ಹೇಳಿದೆ. ಈ ಫೋನು ಬೇಡ, ಗುಂಡಿ ಒತ್ತುವ ಸಣ್ಣ ಫೋನು ಕೊಡುತ್ತೇನೆ, ಅದರಲ್ಲಿ ಕರೆ ಮಾಡುತ್ತೇನೆ ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಕೂಸಿನ ಕಣ್ಣಿನಕಿಂತ ಹೆಚ್ಚೇನ್ರೀ. ಒಯ್ರಿ. ಆದ್ರ ಒಂದು ಮಾತು. ಈ ಸಲ ಇಪ್ಪತ್ನಾಕನೇ ದಿನಾ ನಡದೈತಿ. ಎಲ್ಲಾರೂ ಅದಾರ, ಇಪ್ಪತ್ತೊಂದು ಮಂದೀನೂ. ಇಷ್ಟು ದೂರ ಯಾವಾಗೂ ಬಂದಿದ್ದಿಲ್ಲ. ಒಮ್ಮಿ ಎಲ್ಲಾರ್ನೂ ಹಡಗು ಹತ್ತಿಸಿಬಿಡ್ತೀನಿ. ಆಮ್ಯಾಲ ನಾನ ತಂದು ನಿಮ್ ಕೈಯಾಗ ಕೊಡ್ತೀನಿ."

"ಭಾನುವಾರದ ತನಕ," ಎಂದೆ. "ಕೂಸು ಮಲಗಿದಾಗ ಅಷ್ಟೇ."

"ಆತ್ರೀ."

ಆ ವಾರ ಅವರು ದೀಪಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಗೆಯ ಕಥೆ ಹೇಳುತ್ತ ಉಣ್ಣಿಸಿದರು. ಮಗು ಮಲಗಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಆಟದ ಒಂದೋ ಎರಡೋ ದಿನ ಮಾತ್ರ ಮುಂದೆ ಹೋಗುತ್ತಿದ್ದರು. ಹಾಗೆ ಭಾನುವಾರ ಬರುವ ಹೊತ್ತಿಗೆ ಮೂವತ್ತನೇ ದಿನ, ಕೊನೆಯ ರಾತ್ರಿಯೊಂದೇ ಬಾಕಿ. ಚನ್ನವೀರ ಊರಲ್ಲಿರಲಿಲ್ಲ. ರಜೆಯ ದಿನವೂ ಹುಲಿಗೆಮ್ಮ ಬಂದದ್ದು ಯಾಕೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಮಗುವನ್ನು ಮಲಗಿಸಿ ನಾನೂ ಹೋಗಿ ಕಟ್ಟೆಯ ಮೇಲೆ ಕೂತೆ. ರೋಮನ್ನರಿಂದ ನನಗೇನೂ ಆಗಬೇಕಾಗಿರಲಿಲ್ಲ. ಆದರೂ ಕೂತೆ.

ಊರು ಆಗ ತುಂಬ ದೊಡ್ಡದಾಗಿತ್ತು. ಎಡಕ್ಕೆ ನಾಲ್ಕು ಗೋಡೆ, ಬಲಕ್ಕೆ ನಾಲ್ಕು. ಬೆರಳಿಂದ ಎಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. ಎಡಗಡೆಯ ಕೊನೆಯ ಗೋಡೆ ಹಿಂದಿನ ರಾತ್ರಿ ಸೀಳಿತ್ತು. ಅದನ್ನು ಸರಿಮಾಡಲು ಐವರನ್ನು ಕಳಿಸಿದರು.

"ಇವತ್ತು ಒಂದು ರಾತ್ರಿ ತಾನೇ," ಎಂದೆ. "ಆ ಗೋಡಿ ಬಿದ್ರ ಬೀಳಲಿ ಬಿಡ್ರಿ. ಒಳಗ ಇನ್ನೂ ಮೂರು ಅದಾವಲ್ಲ."

"ದೂರದ್ದು ಗಟ್ಟಿ ಇದ್ರ ಒಳಗಿನೋರು ನಿದ್ದಿ ಮಾಡ್ತಾರ್ರೀ."

ಪರದೆಯ ಮೇಲಿನ ಆಕಾಶ ಕೆಂಪಾಯಿತು. ಕೆಲಸದವರು ತಾವಾಗಿಯೇ ಒಳಗೆ ಓಡತೊಡಗಿದರು. ಹುಲಿಗೆಮ್ಮ ಬಾಯಲ್ಲೇ ಹೆಸರು ಹಿಡಿದು ಎಣಿಸುತ್ತಿದ್ದರು. ಒಳಗಿನ ಬಾಗಿಲು ಮುಚ್ಚಿತು. ಅವರ ಎಣಿಕೆ ನಿಂತಿತು.

"ಒಬ್ಬಾಕಿ ಕಡಿಮಿ."

ಎಡಕ್ಕೆ ಸರಿಸಿದರು. ಸೀಳಿದ ಗೋಡೆಯ ಹೊರಗೆ, ಕಾಡಿನ ಕಡೆ, ಒಂದು ಸಣ್ಣ ಗೊಂಬೆ ಇನ್ನೂ ಕಲ್ಲು ಹೊರುತ್ತಿತ್ತು.

"ಯಾರದು?" ಎಂದೆ, ನನಗೇ ತಿಳಿಯದೆ.

"ಯಾರಾದ್ರೇನ್ರೀ."

"ಹುಲಿಗೆಮ್ಮಕ್ಕ, ಇಪ್ಪತ್ತು ಮಂದಿ ಒಳಗದಾರ. ನಾಳೆ ಹಡಗು ಬರ್ತದ. ಬಿಟ್ಟುಬಿಡ್ರಿ."

ಅವರು ಅವಳನ್ನು ಕರೆತರಲು ಕುದುರೆಯನ್ನು ಹೊರಗೆ ಬಿಟ್ಟರು. ಒಂದು ಗೋಡೆ ದಾಟಿತು, ಎರಡು ದಾಟಿತು. ನಾನು ಕಟ್ಟೆಯ ಅಂಚು ಹಿಡಿದುಕೊಂಡಿದ್ದೆ. ಕುದುರೆ ಗೊಂಬೆಯ ಹತ್ತಿರ ಹೋದದ್ದೂ ಕಾಡಿನಿಂದ ಶತ್ರುಗಳು ಬಂದದ್ದೂ ಒಂದೇ ಸಲ. ಗೊಂಬೆ ಓಡಿ ಗೋಡೆಯ ಒಳಗೆ ಸೇರಿಕೊಂಡಿತು. ಕುದುರೆಗೆ ತಿರುಗಲು ಜಾಗ ಸಿಗಲಿಲ್ಲ.

ಧ್ವಜ ಬಿತ್ತು. ಪರದೆ ಕಪ್ಪಾಗಿ, ಇಂಗ್ಲಿಷಿನಲ್ಲಿ ಏನೋ ಬರೆದು, ಮತ್ತೆ ಮೊದಲ ದಿನದ ಬರಿ ಕಾಡು ಮತ್ತು ಬೆಂಕಿ ಕಾಣಿಸಿತು.

ಬೀದಿಯಲ್ಲಿ ಯಾರದೋ ಮನೆಯವರು ಹರಡಿದ್ದ ಭತ್ತದಲ್ಲಿ ಕಾಲಿನಿಂದ ಸಾಲು ಎಳೆಯುತ್ತಿದ್ದರು, ಒಣಗಲೆಂದು.

"ಅಕಿ ಒಳಗ ಬಂದಿದ್ದಳಲ್ರೀ?" ಎಂದರು ಹುಲಿಗೆಮ್ಮ.

"ಹ್ಞೂಂ. ಬಂದಳು. ನಾನೂ ನೋಡಿದೆ."

"ಹಂಗಾರ ಆತು."

ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ನನಗೆ ತಡೆಯಲಾಗಲಿಲ್ಲ. "ಬೇಕಾದ್ರ ಇನ್ನೊಂದ್ ತಿಂಗಳು ಇಟ್ಕೊಳ್ರಿ, ಕೂಸು ಮಲಗಿದಾಗ ಆಡ್ರಿ," ಎಂದೆ. ಮನಸ್ಸಿನಿಂದಲೇ ಹೇಳಿದ್ದು. ಹೇಳಿದ ಮರುಕ್ಷಣ ಮಗಳ ಕಣ್ಣು ನೆನಪಾಗಿ ಭಯವೂ ಆಯಿತು, ಅದೂ ನಿಜ.

"ಬ್ಯಾಡ್ರೀ ಅಕ್ಕಾರ. ಸಾಕಾಗೈತಿ."

ಗೋಡೆಗೆ ಕೈ ಊರಿ ಎದ್ದರು. ಮೊಣಕಾಲು ಲಟಲಟ ಎಂದವು. ಮನೆಗೆ ಹೊರಡುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ದೀಪಿಕಾಳ ಪಕ್ಕ ಚಾಪೆಯ ಮೇಲೆ ಕೂತರು. ಇಷ್ಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಅವರು ಹಗಲು ಒಮ್ಮೆಯೂ ಮಲಗಿದ್ದನ್ನು ನಾನು ಕಂಡಿಲ್ಲ. ಎಷ್ಟು ಸಲ ವಿಡಿಯೊ ಕರೆ ಮಾಡಿದರೂ ಎರಡನೇ ರಿಂಗಿಗೆ ಎತ್ತುತ್ತಿದ್ದರು. ಈಗ ಕೂತಲ್ಲೇ ಜರುಗಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದರು. ನಾನು ಲೋಟದಲ್ಲಿ ಚಹಾ ತರುವಷ್ಟರಲ್ಲಿ ಗೊರಕೆ ಕೇಳಿಸಿತು.

ಚಹಾ ಇಟ್ಟು ಬಾಗಿಲಲ್ಲಿ ನಿಂತೆ. ಮಗುವಿನ ಹೊಟ್ಟೆ ಏರಿಳಿಯುತ್ತದೆಯೇ ಎಂದು ನೋಡಿದೆ. ಆಮೇಲೆ ಅವರದೂ ನೋಡಿದೆ. ಎಬ್ಬಿಸುವ ಮನಸ್ಸಾಗಲಿಲ್ಲ. ಇಬ್ಬರೂ ಏಳುವವರೆಗೆ ಯಾರಾದರೂ ಎಚ್ಚರ ಇರಬೇಕಲ್ಲ, ಅಲ್ಲೇ ಹೊಸ್ತಿಲ ಮೇಲೆ ಕೂತೆ.