ನಾನು ಅಳಿಸಿದ ಲೈಬ್ರರಿ

ಇವತ್ತು ಬೆಳಿಗ್ಗೆ ನನ್ನ ಲಿನಕ್ಸ್ ಕಂಪ್ಯೂಟರಿನ ಮೂಲೆಯಲ್ಲಿ ಕೆಂಪು ಚುಕ್ಕಿಯೊಂದು ಮೂಡಿತು: ಹೊಸ ಲೈಬ್ರರಿ ಬಂದಿದೆ, ಹಾಕಿಕೊಳ್ಳುತ್ತೀರಾ? ನೀವಾದರೆ ಒತ್ತಿಬಿಡುತ್ತಿದ್ದಿರಿ. ನಾನು ಕೈ ಹಿಂದೆಗೆದೆ. ಶಹಾಪುರದಲ್ಲಿ ಒಮ್ಮೆ ಒತ್ತಿದ್ದೆ.

ಅಲ್ಲಿನ ಕಾಲುವೆ ಕಚೇರಿಯೊಂದರಲ್ಲಿ ಆಗ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ತಮಗೆ ಎಲ್ಲವೂ ಗೊತ್ತೆಂದು ನಂಬಿದ್ದವರು ಆ ಕಚೇರಿಯಲ್ಲಿ ಇಬ್ಬರೇ, ಸಾಹೇಬರು ಮತ್ತು ನಾನು. ರೈತರಿಗೆ ನೀರಿನ ಸರದಿ ತಿಳಿಸುವ ಪಾಳಿ ಚೀಟಿ ಅಚ್ಚಾಗುತ್ತಿದ್ದುದು ನನ್ನ ಕಂಪ್ಯೂಟರಿನಲ್ಲಿ. ಗೋಗಿಯಿಂದ ಬಸ್ಸಿಗೆ ಬರುತ್ತಿದ್ದ ಕ್ಲರ್ಕ್ ಸಿದ್ದಮ್ಮ ಅದೇ ಪಟ್ಟಿಯನ್ನು ನೋಟುಬುಕ್ಕಿನಲ್ಲಿ ಕೈಯಿಂದಲೂ ಬರೆದಿಡುತ್ತಿದ್ದರು. ನಾನು ನಗುತ್ತಿದ್ದೆ, ಅವರು ಬರೆಯುತ್ತಿದ್ದರು.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ, ಹತ್ತಾರು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕಂಪ್ಯೂಟರ್ ಕೋಡ್. ಹೊಸದು ಬಂದಾಗ, ಹಳೆಯದನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳನ್ನೂ ಎಷ್ಟೋ ಸಲ ಅದಕ್ಕೆ ಹೊಂದುವಂತೆ ಮತ್ತೆ ಕಟ್ಟಬೇಕಾಗುತ್ತದೆ; ಅಲ್ಲಿಯವರೆಗೆ ಹಳೆಯದೂ ಇರಬೇಕು. ಕನ್ನಡ ಅಕ್ಷರ ಮೂಡಿಸುವ ಹೊಸ ಲೈಬ್ರರಿ ಬಂದ ದಿನವೇ ನಾನು ಹಾಕಿದೆ. ಅಷ್ಟಕ್ಕೆ ಸುಮ್ಮನಿರದೆ, ಕಸ ಗುಡಿಸುವ ಉತ್ಸಾಹದಲ್ಲಿ ಹಳೆಯದನ್ನು ಅಳಿಸಿಯೂ ಬಿಟ್ಟೆ. ಪಾಳಿ ಚೀಟಿಯ ಪ್ರೋಗ್ರಾಮು ಏಳಲೇ ಇಲ್ಲ. ಹೊರಗೆ ಕಾಲುವೆಯ ಕೊನೆ ಭಾಗದ ರೈತರು ಚೀಟಿಗಾಗಿ ನಿಂತಿದ್ದರು. ಆ ದಿನ ತಪ್ಪಿದರೆ ಅವರ ನೀರು ಮೇಲಿನ ಹೊಲದವರ ಪಾಲು.

ಸಿದ್ದಮ್ಮ ಕೇಳಿದ್ದು ಒಂದೇ ಮಾತು: "ಅಳಸೂ ಮೊದ್ಲ, ಅದು ಯಾವ್ಯಾವ್ದಕ್ಕ ಬೇಕಾಗ್ತೈತಿ ಅಂತ ನೋಡಿದ್ರೇನ್ರಿ ಸರ?"

ನೋಡಿರಲಿಲ್ಲ. ಅವರು ನೋಟುಬುಕ್ಕು ತೆರೆದು ಅಷ್ಟೂ ಚೀಟಿಗಳನ್ನು ಕೈಯಲ್ಲೇ ಬರೆದುಕೊಟ್ಟರು. ಆದರೆ ಕಾಲುವೆಗೆ ನೀರು ಬಿಡುವ ಗೇಟು ನೋಡಿಕೊಳ್ಳುವ ಭೀಮಣ್ಣ ಅಚ್ಚಿನ ಚೀಟಿಯೇ ಬೇಕೆಂದು ರೈತರನ್ನು ತಿರುಗಿ ಕಳಿಸಿದ. ಸಿದ್ದಮ್ಮ ಆಟೋ ಹತ್ತಿ ತಾವೇ ಗೇಟಿಗೆ ಹೊರಟರು. ಹಿಂದೆ ನಾನೂ, ತಲೆ ತಗ್ಗಿಸಿಕೊಂಡು.

"ಅಕ್ಷರ ನಂದು, ಪಾಳಿ ಅವರದು. ಗೇಟ್ ಎತ್ತು ಭೀಮಣ್ಣ," ಎಂದರು. ಗೇಟು ಎದ್ದಿತು.

ಪ್ರೋಗ್ರಾಮುಗಳನ್ನು ಮತ್ತೆ ಕಟ್ಟಲು ನನಗೆ ಮೂರು ದಿನ ಹಿಡಿಯಿತು. ಒಂದಕ್ಕೆ ಕೈ ಹಾಕಿದರೆ, ಅದಕ್ಕೂ ಮೊದಲು ಕಟ್ಟಬೇಕಾದ ಇನ್ನೊಂದು ಎದುರು ನಿಲ್ಲುತ್ತಿತ್ತು. ಎಲ್ಲ ಮುಗಿದ ಮೇಲೆ ಸಾಹೇಬರು ಮೇಲಿನವರಿಗೆ ಪತ್ರ ಕಳಿಸಿದರು: ಕಂಪ್ಯೂಟರ್ ವ್ಯವಸ್ಥೆ ಯಾವ ಅಡಚಣೆಯೂ ಇಲ್ಲದೆ ಆಧುನೀಕರಣಗೊಂಡಿದೆ. ನನಗೆ ಶಾಲು ಹೊದಿಸಿದರು. ಸಿದ್ದಮ್ಮನ ಹೆಸರು ಎಲ್ಲೂ ಬರಲಿಲ್ಲ. ನಾನು ಬಾಯಿ ಬಿಡಬಹುದಿತ್ತು. ಆದರೆ ಶಹಾಪುರದ ಬಿಸಿಲಲ್ಲೂ ಶಾಲು ಹಿತವಾಗಿತ್ತು.

ಇವತ್ತು ಒತ್ತುವ ಮೊದಲು, ಏನೇನು ಮತ್ತೆ ಕಟ್ಟಬೇಕೆಂದು ಪಟ್ಟಿ ಮಾಡಿದೆ. ಆಮೇಲೆ, ನಿವೃತ್ತರಾಗಿ ಗೋಗಿಯಲ್ಲೇ ಇರುವ ಸಿದ್ದಮ್ಮನಿಗೆ ಫೋನು ಮಾಡಿದೆ. ಆ ಪತ್ರ ಸುಳ್ಳು, ಆ ಶಾಲು ನಿಮ್ಮದು ಎಂದು ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ.

"ಗೊತ್ತೈತ್ರಿ ಸರ," ಎಂದರು ಅವರು. "ಆ ಪತ್ರ ಟೈಪ್ ಮಾಡ್ದಾಕಿ ನಾನ."